ಕವಾಟದ ಬುಡದಲ್ಲೊಂದು ಬಿಳಿ ಉಂಡೆ: ಗೆಡ್ಡೆಯೋ, ಕೀವೋ, ಬರೀ ಕ್ಯಾಲ್ಸಿಯಮ್ಮೋ?

ಎಪ್ಪತ್ತು ದಾಟಿದ ಹೆಂಗಸೊಬ್ಬರಿಗೆ ಮೊಣಕಾಲಿನ ಆಪರೇಷನ್‌ಗೆ ಮುಂಚೆ ‘ಫಿಟ್‌ನೆಸ್’ ಬೇಕೆಂದು ಎಕೋ (ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಸ್ಕ್ಯಾನ್) ಮಾಡಿಸುತ್ತಾರೆ ಎಂದಿಟ್ಟುಕೊಳ್ಳಿ. ಬಿಪಿ ಇದೆ, ಸಕ್ಕರೆ ಇದೆ. ಎದೆನೋವಿಲ್ಲ, ಜ್ವರವಿಲ್ಲ. ವರದಿಯ ಕೊನೆಯಲ್ಲಿ ಮಾತ್ರ ಒಂದು ಸಾಲು: ಮೈಟ್ರಲ್ ಕವಾಟದ ಹಿಂಬದಿಯ ಬುಡದಲ್ಲಿ ಎಕೋಜೆನಿಕ್ ಮಾಸ್ (ಎಕೋದಲ್ಲಿ ಬೆಳ್ಳಗೆ ಕಾಣುವ ಉಂಡೆ), ಹೆಚ್ಚಿನ ತಪಾಸಣೆ ಅಗತ್ಯ. ಅಲ್ಲಿಂದ ಮುಂದೆ ಮೊಣಕಾಲಿನ ಮಾತೇ ಬರುವುದಿಲ್ಲ. ‘ಮಾಸ್’ ಅಂದರೆ ಗೆಡ್ಡೆ, ಗೆಡ್ಡೆ ಅಂದರೆ ಕ್ಯಾನ್ಸರ್ ಎಂದು ಮನೆಯವರು ಅರ್ಥ ಮಾಡಿಕೊಂಡಾಗಿರುತ್ತದೆ.

ಪರದೆಯ ಮೇಲೆ ಬೆಳ್ಳಗೆ ಕಾಣುವ ಆ ಉಂಡೆ ನಿಜಕ್ಕೂ ಏನು ಬೇಕಾದರೂ ಆಗಿರಬಹುದು. ಹೆಪ್ಪುಗಟ್ಟಿದ ರಕ್ತ, ಸೋಂಕು ತಗುಲಿದ ಕವಾಟದ ಮೇಲೆ ಬೆಳೆದ ವೆಜಿಟೇಷನ್ ಎಂಬ ಗಂಟು, ಬುಡದಲ್ಲಿ ಕಟ್ಟಿದ ಕೀವು, ಮಿಕ್ಸೋಮಾದಂಥ ಗೆಡ್ಡೆ, ಇಲ್ಲವೇ ವಯಸ್ಸಿನೊಂದಿಗೆ ಬಂದು ಕೂತ ಕ್ಯಾಲ್ಸಿಯಂ. ಇವುಗಳ ಚಿಕಿತ್ಸೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೆಪ್ಪಾದರೆ ರಕ್ತ ತೆಳುವಾಗಿಸುವ ಗುಳಿಗೆ, ಸೋಂಕಾದರೆ ವಾರಗಟ್ಟಲೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್, ಗೆಡ್ಡೆಯಾದರೆ ಎದೆ ತೆರೆಯುವ ಶಸ್ತ್ರಚಿಕಿತ್ಸೆ. ಕ್ಯಾಲ್ಸಿಯಂ ಆದರೆ ಬಹುಪಾಲು ಸಂದರ್ಭದಲ್ಲಿ ಕಣ್ಣಿಟ್ಟು ಕಾಯುವುದೇ ಚಿಕಿತ್ಸೆ. ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷಿಸೋಣವೆಂದರೆ, ಬಡಿಯುತ್ತಿರುವ ಹೃದಯದ ಎಡಭಾಗದಲ್ಲಿ ಅದು ಆಗದ ಮಾತು. ಕಿತ್ತ ಚೂರು ನೇರ ಮಿದುಳಿಗೆ ಹೋಗಬಹುದು. ಹಾಗಾಗಿ ಇಲ್ಲಿ ಬಯಾಪ್ಸಿಯ ಕೆಲಸವನ್ನೂ ಸ್ಕ್ಯಾನುಗಳೇ ಮಾಡಬೇಕು.

ಅವು ಆ ಕೆಲಸ ಮಾಡಬಲ್ಲವು ಕೂಡ. ಆದರೆ ಎಕೋ, ಸಿಟಿ, ಎಂಆರ್‌ಐ ಎಂಬ ಮೂರು ಯಂತ್ರಗಳು ಒಂದೇ ಪ್ರಶ್ನೆಗೆ ಮೂರು ದರದಲ್ಲಿ ಉತ್ತರ ಕೊಡುವ ಯಂತ್ರಗಳಲ್ಲ. ಒಂದೊಂದಕ್ಕೂ ಕೇಳಬೇಕಾದ ಪ್ರಶ್ನೆಯೇ ಬೇರೆ. ಯಾವ ಪ್ರಶ್ನೆಯನ್ನು ಯಾವುದಕ್ಕೆ, ಯಾವ ಕ್ರಮದಲ್ಲಿ ಕೇಳಿದೆವು ಎಂಬುದರ ಮೇಲೆ ಬೇಡದ ಆಪರೇಷನ್ ತಪ್ಪುತ್ತದೆ ಅಥವಾ ನಡೆದುಹೋಗುತ್ತದೆ.

ಮೊದಲು ಕ್ಯಾಲ್ಸಿಯಂ ಅಲ್ಲಿಗೆ ಹೇಗೆ ಬಂತು ಎಂಬುದನ್ನು ನೋಡೋಣ. ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟದ ಎರಡು ದಳಗಳು ನಾರಿನಂಥ ಒಂದು ಉಂಗುರಕ್ಕೆ ಅಂಟಿಕೊಂಡಿರುತ್ತವೆ. ವಯಸ್ಸು, ಬಿಪಿ, ಮಧುಮೇಹ, ಅದಕ್ಕಿಂತ ಮುಖ್ಯವಾಗಿ ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಲ್ಲಿ ಈ ಉಂಗುರದ ಹಿಂಭಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಹೆಂಗಸರಲ್ಲಿ ತುಸು ಹೆಚ್ಚು. ಇದು ಅಪರೂಪವೇನಲ್ಲ. ಸಾಮಾನ್ಯ ಜನರಲ್ಲಿ ನಡೆದ ಸಮೀಕ್ಷೆಗಳಲ್ಲಿ ಸುಮಾರು ಶೇ. 8ರಿಂದ 15ರಷ್ಟು ಮಂದಿಯಲ್ಲಿ ಕಂಡಿದೆ. ಎದೆಯ ಎಕ್ಸ್‌ರೇಯಲ್ಲೂ ಎಷ್ಟೋ ಸಲ ಸಿ ಆಕಾರದ ಬಿಳಿ ಗೆರೆಯಾಗಿ ಕಾಣುತ್ತದೆ. ಕೋವಿಡ್ ಕಾಲದಲ್ಲಿ ಶ್ವಾಸಕೋಶಕ್ಕೆಂದು ತೆಗೆಸಿದ ಸಿಟಿಗಳಲ್ಲೂ, ಯಾರಾದರೂ ಹೃದಯದ ಕಡೆ ಕಣ್ಣು ಹಾಯಿಸಿದ್ದರೆ, ಇದು ಕಾಣಸಿಗುವಂಥದ್ದೇ.

‘ಹಾಗಾದರೆ ರಾಗಿ ಬಿಡಬೇಕಾ ಡಾಕ್ಟ್ರೇ? ಎಲೆಯಡಿಕೆಗೆ ಸುಣ್ಣ ಹಚ್ಚೋದು?’ ಎಂಬುದು ನಮ್ಮ ಕಡೆಯ ಮೊದಲ ಪ್ರಶ್ನೆ. ಎಲೆಯಡಿಕೆ ಬಿಡಲು ಬೇರೆ ಕಾರಣಗಳು ಧಾರಾಳವಾಗಿವೆ, ಆದರೆ ಇದು ಅವುಗಳಲ್ಲಿಲ್ಲ. ಊಟದ ಕ್ಯಾಲ್ಸಿಯಂ ಹೋಗಿ ಕವಾಟದಲ್ಲಿ ಶೇಖರವಾಗುವುದಿಲ್ಲ. ಕವಾಟದೊಳಗಿನ ಜೀವಕೋಶಗಳೇ ಉರಿಯೂತ ಮತ್ತು ಒತ್ತಡಕ್ಕೆ ಸಿಕ್ಕಿ ಮೂಳೆ ಕಟ್ಟುವ ಕೋಶಗಳ ಸ್ವಭಾವ ತಾಳುತ್ತವೆ. ಕಿಡ್ನಿ ಕೈಕೊಟ್ಟವರಲ್ಲಿ ರಕ್ತದ ಫಾಸ್ಫೇಟ್ ಏರಿ, ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಅಂಕೆ ಮೀರಿ ಈ ಕ್ರಿಯೆ ಚುರುಕಾಗುತ್ತದೆ. ಅವರ ಪಥ್ಯದ ಲೆಕ್ಕ ಬೇರೆ, ಅದನ್ನು ನೆಫ್ರಾಲಜಿಸ್ಟೇ ಹೇಳಬೇಕು. ಇದನ್ನು ತಡೆಯುವ ಗುಳಿಗೆ ಮಾತ್ರ ಸದ್ಯಕ್ಕಿಲ್ಲ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟದ ಕ್ಯಾಲ್ಸಿಯಂ ವಿಷಯದಲ್ಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಮೇಲೆ ದೊಡ್ಡ ಆಸೆಯಿತ್ತು. 2005, 2008 ಮತ್ತು 2010ರಲ್ಲಿ ಹೊರಬಂದ ಮೂರು ಪ್ರಯೋಗಗಳು ಆ ಆಸೆಯನ್ನು ಮುಗಿಸಿದವು.

ಸಾಮಾನ್ಯ ಕ್ಯಾಲ್ಸಿಯಮ್ಮನ್ನು ಎಕೋದಲ್ಲಿ ಗುರುತಿಸುವುದು ಕಷ್ಟವಲ್ಲ. ಶಬ್ದತರಂಗಗಳನ್ನು ಅದು ಪೂರ್ತಿ ಹಿಂದಕ್ಕೆ ಎಸೆಯುತ್ತದೆ. ಹೀಗಾಗಿ ಅದು ಕೂತ ಜಾಗ ಬೆಳ್ಳಗೆ, ಅದರ ಹಿಂದಿನ ಜಾಗ ಕಪ್ಪು ನೆರಳು. ಎಕೋ ಮಾಡುವವರ ಕಣ್ಣು ಹುಡುಕುವುದು ಆ ನೆರಳನ್ನೇ. ಬಿಳುಪನ್ನು ಮಾತ್ರ ನಂಬುವಂತಿಲ್ಲ. ಯಂತ್ರದ ಗೇನ್ (ಪ್ರತಿಧ್ವನಿಯನ್ನು ಹಿಗ್ಗಿಸಿ ತೋರಿಸುವ ಮಟ್ಟ) ಸ್ವಲ್ಪ ಏರಿಸಿದರೆ ಬರೀ ನಾರುಗಟ್ಟಿದ ದಳವೂ ಹೊಳೆಯುತ್ತದೆ. ಈಗಿನ ಯಂತ್ರಗಳಲ್ಲಿ ಚಿತ್ರವನ್ನು ಚೊಕ್ಕಗೊಳಿಸುವ ಹಾರ್ಮಾನಿಕ್ ಇಮೇಜಿಂಗ್ ವಿಧಾನದಲ್ಲಿ ಆರೋಗ್ಯವಂತ ದಳಗಳೂ ಇರುವುದಕ್ಕಿಂತ ದಪ್ಪಗೆ ಕಾಣುತ್ತವೆ.

ತೊಡಕು ಶುರುವಾಗುವುದು ನೆರಳು ಬೀಳದ ಕ್ಯಾಲ್ಸಿಯಂ ಎದುರಾದಾಗ. ಉಂಗುರದ ಕ್ಯಾಲ್ಸಿಯಂ ಒಮ್ಮೊಮ್ಮೆ ಒಳಗೊಳಗೇ ಕರಗಿ ಮೆತ್ತಗಾಗುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ಕೇಸಿಯಸ್ ಕ್ಯಾಲ್ಸಿಫಿಕೇಶನ್ ಎಂದು ಹೆಸರು. ಹೊರಗೆ ಗಟ್ಟಿ ಕವಚ. ಒಳಗೆ ಕ್ಯಾಲ್ಸಿಯಂ, ಕೊಬ್ಬಿನ ಆಮ್ಲ, ಕೊಲೆಸ್ಟ್ರಾಲ್ ಬೆರೆತ ಬಿಳಿ ಲೇಪ. ಆಪರೇಷನ್ ಟೇಬಲ್ಲಿನ ಮೇಲೆ ಇದನ್ನು ಕೊಯ್ದ ಸರ್ಜನ್ನರು ಒಳಗಿದ್ದದ್ದು ಥೇಟ್ ಟೂತ್‌ಪೇಸ್ಟ್ ಎಂದೇ ವರ್ಣಿಸುತ್ತ ಬಂದಿದ್ದಾರೆ. ಎಕೋದಲ್ಲಿ ನುಣುಪು ಅಂಚಿನ ದುಂಡನೆಯ ಉಂಡೆ, ನಡುವೆ ತುಸು ಕಪ್ಪು, ಹಿಂದೆ ನೆರಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕ್ಯಾಲ್ಸಿಯಂ ಅಂದರೆ ನೆರಳು ಎಂದು ಕಲಿತ ಕಣ್ಣಿಗೆ ಇದು ಕ್ಯಾಲ್ಸಿಯಂ ಅನ್ನಿಸುವುದೇ ಇಲ್ಲ. ನಡುವಿನ ಕಪ್ಪು ನೋಡಿ ಕೀವು ಅನ್ನುತ್ತಾರೆ, ಗಾತ್ರ ನೋಡಿ ಗೆಡ್ಡೆ ಅನ್ನುತ್ತಾರೆ.

ಇದು ಎಷ್ಟು ಅಪರೂಪ? ಎಕೋ ಮಾಡಿಸಿಕೊಂಡವರ ಒಟ್ಟು ಲೆಕ್ಕದಲ್ಲಿ ಶೇ. 0.07ರ ಆಸುಪಾಸು. ಉಂಗುರದಲ್ಲಿ ಕ್ಯಾಲ್ಸಿಯಂ ಇರುವವರಲ್ಲಿ ಸುಮಾರು ಶೇ. 0.6. ಆದರೆ ಅಂಥವರದೇ ಶವಪರೀಕ್ಷೆಯ ಹಳೆಯ ಲೆಕ್ಕದಲ್ಲಿ ಶೇ. 2.7. ಸತ್ತ ಮೇಲೆ ಪರೀಕ್ಷೆಗೆ ಬಂದವರ ವಯಸ್ಸು, ಕಾಯಿಲೆ ಬೇರೆ ಇದ್ದಿರಬಹುದು ಎಂದು ಒಂದಷ್ಟು ಕಳೆದರೂ, ಬದುಕಿದ್ದಾಗ ಕಂಡೂ ಗುರುತು ಸಿಗದೆ ಹೋದವು ಇವುಗಳಲ್ಲಿ ಸಾಕಷ್ಟಿವೆ ಎಂದೇ ನನಗನ್ನಿಸುತ್ತದೆ.

ಗುರುತು ಹಿಡಿಯಲು ಮೊದಲ ಸುಳಿವು ಜಾಗ. ಕೇಸಿಯಸ್ ಉಂಡೆ ಸಾಮಾನ್ಯವಾಗಿ ಹಿಂಬದಿಯ ಉಂಗುರವನ್ನು ಬಿಟ್ಟು ಕದಲುವುದಿಲ್ಲ. ಮಿಕ್ಸೋಮಾ ಹೆಚ್ಚಾಗಿ ಎರಡು ಹೃತ್ಕರ್ಣಗಳ ನಡುವಿನ ಗೋಡೆಯಿಂದ ತೊಟ್ಟು ಬಿಟ್ಟು ತೂಗುತ್ತದೆ. ವೆಜಿಟೇಷನ್ ರಕ್ತ ಬರುವ ದಿಕ್ಕಿನ ಮೈಗೆ, ಅಂದರೆ ಮೈಟ್ರಲ್ ಕವಾಟದಲ್ಲಾದರೆ ಹೃತ್ಕರ್ಣದ ಕಡೆಗೆ, ಅಂಟಿ ಅಡ್ಡಾದಿಡ್ಡಿ ಕುಣಿಯುತ್ತದೆ. ಎರಡನೆಯ ಸುಳಿವು ಚಲನೆ: ಕೇಸಿಯಸ್ ಉಂಡೆ ಉಂಗುರದೊಂದಿಗೆ ಮಾತ್ರ ಅಲುಗುತ್ತದೆ, ತನ್ನಷ್ಟಕ್ಕೆ ತೂಗುವುದಿಲ್ಲ. ಇವೆರಡೂ ಎಕೋ ಒಂದರಲ್ಲೇ ಸಿಗುತ್ತವೆ, ಬೇಕಾದರೆ ಗಂಟಲಿನ ಮೂಲಕ ಕೊಳವೆ ಇಳಿಸಿ ಮಾಡುವ ಎಕೋದಲ್ಲಿ ಇನ್ನೂ ಹತ್ತಿರದಿಂದ.

ಜಾಗ ನಿರ್ಧರಿಸುವುದು ಹೊರಗಿನಿಂದ ನೋಡುವವರಿಗೆ ಸುಲಭ ಅನ್ನಿಸಬಹುದು. ಎಕೋದ ಇತಿಹಾಸವೇ ಅದಕ್ಕೆ ವಿರುದ್ಧ ಸಾಕ್ಷಿ. ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಹಡಗು ಕಟ್ಟುವಲ್ಲಿ ಲೋಹದ ಬಿರುಕು ಹುಡುಕುತ್ತಿದ್ದ ಯಂತ್ರವನ್ನು ಎರವಲು ತಂದು ಪ್ರಯತ್ನ ಶುರು ಮಾಡಿ, 1953ರ ಅಕ್ಟೋಬರ್‌ನಲ್ಲಿ ಬಡಿಯುವ ಹೃದಯದ ಮೊದಲ ಪ್ರತಿಧ್ವನಿ ದಾಖಲಿಸಿದರು. ಮೈಟ್ರಲ್ ಕಾಯಿಲೆಯವರಲ್ಲಿ ವಿಶಿಷ್ಟವಾಗಿ ಚಲಿಸುವ ಒಂದು ಗೆರೆ ಎಡ್ಲರ್‌ಗೆ ಸಿಕ್ಕಿತು. ಅದು ಎಡ ಹೃತ್ಕರ್ಣದ ಗೋಡೆಯದ್ದೆಂದು ಅವರು ಮೊದಲು ತಿಳಿದಿದ್ದರು. ಶವಗಳಲ್ಲಿ ಶಬ್ದಕಿರಣದ ದಾರಿಯಲ್ಲೇ ಸೂಜಿ ತೂರಿಸಿ ನೋಡಿದ ಮೇಲೆ ತಿಳಿಯಿತು, ಅದು ಮೈಟ್ರಲ್ ಕವಾಟದ ಮುಂದಳ! ಈ ವಿದ್ಯೆಯ ಪಿತಾಮಹರಿಗೇ ಆದ ಗೊಂದಲ ಇಂದಿಗೂ ರೂಪ ಬದಲಿಸಿ ಆಗುತ್ತಲೇ ಇರುತ್ತದೆ.

ಎಕೋದ ನಂತರದ ಪ್ರಶ್ನೆ: ಇದು ಕ್ಯಾಲ್ಸಿಯಮ್ಮೋ ಅಲ್ಲವೋ? ಈ ಪ್ರಶ್ನೆ ಸಿಟಿಯದ್ದು. ಅದರಲ್ಲಿ ನೀರಿಗೆ ಸೊನ್ನೆ ಎಂದಿಟ್ಟುಕೊಂಡು ಒಂದೊಂದು ಅಂಗಾಂಶಕ್ಕೂ ಸಾಂದ್ರತೆಯ ಅಂಕಿ ಕೊಡುತ್ತಾರೆ. 1990ರಿಂದ ಬಳಕೆಯಲ್ಲಿರುವ ಅಗಾಟ್‌ಸ್ಟನ್ ಪದ್ಧತಿಯಲ್ಲಿ 130 ಹೌನ್ಸ್‌ಫೀಲ್ಡ್ ಘಟಕದಿಂದ ಮೇಲಿದ್ದದ್ದು ಕ್ಯಾಲ್ಸಿಯಂ. ಕೇಸಿಯಸ್ ಉಂಡೆ ಇಲ್ಲಿ ಬಾಯಿಬಿಡುತ್ತದೆ. ಅಂಚಿನ ಸುತ್ತ ಬಿಳಿ ಕವಚ, ಒಳಗೆ ಅದಕ್ಕಿಂತ ಕಡಿಮೆ ಆದರೆ ಮಾಂಸಕ್ಕಿಂತ ಹೆಚ್ಚು ಸಾಂದ್ರತೆ.

ಕ್ರಮದ ಮಹತ್ವ ಇರುವುದೂ ಇಲ್ಲೇ. ‘ಕಾರ್ಡಿಯಾಕ್ ಸಿಟಿ’ ಎಂದು ಬರೆದುಕೊಟ್ಟರೆ ಎಷ್ಟೋ ಕಡೆ ನೇರವಾಗಿ ಕಾಂಟ್ರಾಸ್ಟ್ ಔಷಧ ಚುಚ್ಚಿ ರಕ್ತನಾಳಗಳ ಸ್ಕ್ಯಾನ್ ಮಾಡಿಬಿಡುತ್ತಾರೆ. ಕಾಂಟ್ರಾಸ್ಟ್ ಸೇರಿದ ರಕ್ತವೂ 300 ಘಟಕ ದಾಟಿ ಬೆಳ್ಳಗಾಗುವುದರಿಂದ ತೆಳುವಾದ ಕ್ಯಾಲ್ಸಿಯಂ ಅದರಲ್ಲಿ ಮುಳುಗಿಹೋಗುತ್ತದೆ. ಉಂಡೆ ಕಾಂಟ್ರಾಸ್ಟ್ ಹೀರಿತೋ ಇಲ್ಲವೋ ಎಂದು ತಿಳಿಯಲೂ ಹೀರುವ ಮುಂಚಿನ ಚಿತ್ರ ಬೇಕಲ್ಲವೇ? ರಕ್ತಪೂರೈಕೆ ಇರುವ ಗೆಡ್ಡೆ ಹೀರುತ್ತದೆ, ಕೇಸಿಯಸ್ ಉಂಡೆಯ ಒಡಲು ಹೀರುವುದಿಲ್ಲ. ಹೀಗಾಗಿ ಮೊದಲು ಸಾದಾ ಸಿಟಿ, ಇಸಿಜಿಗೆ ಹೊಂದಿಸಿ, ಹೃದಯ ಹಿಗ್ಗಿ ಶಾಂತವಾಗಿರುವ ಕ್ಷಣದಲ್ಲಿ. ಎಷ್ಟೋ ಮಂದಿಗೆ ಅಲ್ಲಿಗೇ ಮುಗಿಯುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ, ಕಿಡ್ನಿ ಸೋತು ಕ್ರಿಯಾಟಿನಿನ್ ಏರಿರುವವರಿಗೆ ಇದರ ಬೆಲೆ ಇನ್ನೂ ಹೆಚ್ಚು. ಇಂಥ ಕ್ಯಾಲ್ಸಿಯಂ ಹೆಚ್ಚು ಕಾಣಸಿಗುವುದು ಅವರಲ್ಲೇ, ಕಾಂಟ್ರಾಸ್ಟ್ ಆದಷ್ಟು ತಪ್ಪಿಸಬೇಕಾದದ್ದೂ ಅವರಿಗೇ.

ಎಂಆರ್‌ಐ ವಿಚಾರದಲ್ಲಿ ನಮ್ಮ ಜನರಿಗೊಂದು ನಂಬಿಕೆಯಿದೆ: ದುಬಾರಿ ಸ್ಕ್ಯಾನ್, ಆದ್ದರಿಂದ ಎಲ್ಲವೂ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಮಟ್ಟಿಗೆ ಇದು ತಲೆಕೆಳಗು. ಎಂಆರ್‌ಐ ನೋಡುವುದು ಹೈಡ್ರೋಜನ್ ಪರಮಾಣುಗಳನ್ನು, ಮುಖ್ಯವಾಗಿ ನೀರು ಮತ್ತು ಕೊಬ್ಬಿನವನ್ನು. ಗಟ್ಟಿ ಕ್ಯಾಲ್ಸಿಯಮ್ಮಿನಲ್ಲಿ ಅವು ಅತ್ಯಲ್ಪ, ಹಾಗಾಗಿ ಅಲ್ಲಿ ಬರೀ ಕಪ್ಪು. ಲೋಹದ ಕೃತಕ ಕವಾಟವೂ ಕಪ್ಪು, ವೇಗವಾಗಿ ಚಿಮ್ಮುವ ರಕ್ತವೂ ಕೆಲವೊಮ್ಮೆ ಕಪ್ಪೇ. ಎಂಆರ್‌ಐ ಬೇಕಾಗುವುದು ಸಿಟಿಯಲ್ಲಿ ಕ್ಯಾಲ್ಸಿಯಂ ಇಲ್ಲ ಎಂದಾದಾಗ, ಅಥವಾ ಇದ್ದರೂ ಅದರ ಪಕ್ಕದಲ್ಲಿ ಮಾಂಸದಂಥ ಭಾಗ ಕಂಡಾಗ. ಆಗ ಗ್ಯಾಡೊಲಿನಿಯಂ ಎಂಬ ಎಂಆರ್‌ಐ ಕಾಂಟ್ರಾಸ್ಟ್ ಕೊಟ್ಟು ನೋಡಿದರೆ ಜೀವಂತ ಗೆಡ್ಡೆಗೂ ಹೆಪ್ಪಿಗೂ ವ್ಯತ್ಯಾಸ ತಿಳಿಯುತ್ತದೆ. ಕೇಸಿಯಸ್ ಉಂಡೆಯಲ್ಲಿ ಸುತ್ತಲಿನ ನಾರಿನ ಅಂಚು ಮಾತ್ರ ಬೆಳಗಬಹುದು, ಒಳಗು ಕತ್ತಲೆಯಾಗೇ ಇರುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ತೆಗೆದುಹಾಕಿದರಾಯಿತಲ್ಲ ಅನ್ನುವವರಿದ್ದಾರೆ. ಹಿಂಬದಿಯ ಉಂಗುರ ಕೂತಿರುವುದು ಹೃತ್ಕರ್ಣ ಮತ್ತು ಹೃತ್ಕುಕ್ಷಿ ಸೇರುವ ತೋಡಿನಲ್ಲಿ. ಪಕ್ಕದಲ್ಲೇ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಸರ್ಕಮ್‌ಫ್ಲೆಕ್ಸ್ ರಕ್ತನಾಳ ಹಾದುಹೋಗುತ್ತದೆ. ಕ್ಯಾಲ್ಸಿಯಂ ಕೆರೆದು ತೆಗೆಯುವಾಗ ಆ ತೋಡು ಹರಿದರೆ ರೋಗಿ ಉಳಿಯುವುದು ಕಷ್ಟ. ಅನುಭವಿ ಸರ್ಜನ್ನರೂ ಹೆದರುವ ಜಾಗ ಅದು. ಕವಾಟ ಜೋರಾಗಿ ಸೋರುತ್ತಿದ್ದರೆ, ಕಿರಿದಾಗಿದ್ದರೆ, ಚೂರು ಕಿತ್ತುಹೋಗಿ ಪಾರ್ಶ್ವವಾಯು ಆಗಿದ್ದರೆ ಆ ಅಪಾಯಕ್ಕೆ ಇಳಿಯುವುದರಲ್ಲಿ ಅರ್ಥವಿದೆ. ಬರೀ ‘ಮಾಸ್ ಇದೆ’ ಎಂಬ ಕಾರಣಕ್ಕೆ ಇಳಿಯುವುದರಲ್ಲಿ ಇಲ್ಲ. ಹೆಪ್ಪು ಎಂದು ತಪ್ಪಾಗಿ ತಿಳಿದು ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರಾಂ ಗುಳಿಗೆ ಶುರುಮಾಡುವುದೂ ಹೀಗೇ. ಅಂಗಾಂಶಗಳಲ್ಲಿ ಕ್ಯಾಲ್ಸಿಯಂ ಕೂರದಂತೆ ತಡೆಯುವ ಪ್ರೊಟೀನೊಂದು ಕೆಲಸ ಮಾಡಲು ವಿಟಮಿನ್ ಕೆ ಬೇಕು, ಈ ಗುಳಿಗೆಗಳು ತಡೆಹಿಡಿಯುವುದು ಅದನ್ನೇ.

ಆದರೆ ಕ್ಯಾಲ್ಸಿಯಂ ಎಂದ ಕೂಡಲೇ ನಿರಾಳವಾಗುವಂತೆಯೂ ಇಲ್ಲ. 1997ರಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು 11 ರೋಗಿಗಳಲ್ಲಿ ಕಂಡ ಒಂದು ಬಗೆಯನ್ನು ಕ್ಯಾಲ್ಸಿಫೈಡ್ ಅಮಾರ್ಫಸ್ ಟ್ಯೂಮರ್ ಎಂದು ವಿವರಿಸಿದರು. ಹೆಸರಿನಲ್ಲಿ ಟ್ಯೂಮರ್ ಇದ್ದರೂ ಇದು ಗೆಡ್ಡೆಯಲ್ಲ, ಫೈಬ್ರಿನ್‌ನಂಥ ಆಕಾರವಿಲ್ಲದ ವಸ್ತುವಿನಲ್ಲಿ ಹುದುಗಿದ ಕ್ಯಾಲ್ಸಿಯಂ ಗಂಟುಗಳು. ಡಯಾಲಿಸಿಸ್ ರೋಗಿಗಳ ಮೈಟ್ರಲ್ ಉಂಗುರದಲ್ಲಿ ಇದು ತೊಟ್ಟಿನ ಮೇಲೆ ನಿಂತು ಪ್ರತಿ ಬಡಿತಕ್ಕೂ ತೂಗಾಡುವುದುಂಟು, ಕೆಲವರಲ್ಲಿ ಬೇಗ ಬೆಳೆಯುವುದೂ ಉಂಟು. ತೂಗಾಡುವುದು ಕಿತ್ತುಹೋಗಬಹುದು, ಆದ್ದರಿಂದ ಸಾಮಾನ್ಯವಾಗಿ ತೆಗೆಯುವುದೇ ಲೇಸು. ಸಿಟಿ ಇದನ್ನೂ ಕೇಸಿಯಸ್ ಉಂಡೆಯನ್ನೂ ‘ಕ್ಯಾಲ್ಸಿಯಂ’ ಎಂದೇ ಹೇಳುತ್ತದೆ. ಇವೆರಡನ್ನು ಬೇರೆ ಮಾಡಿ ತೋರಿಸುವುದು ಎಕೋದಲ್ಲಿ ಕಂಡ ಚಲನೆ.

ಜ್ವರವಿದ್ದರಂತೂ ಆಟವೇ ಬೇರೆ. ಕ್ಯಾಲ್ಸಿಯಂ ಕೂತ ಉಂಗುರಕ್ಕೂ ಸೋಂಕು ಹತ್ತಬಹುದು. ಮೂಲೆಯಲ್ಲಿ ಹಳೆಯ ಕ್ಯಾಲ್ಸಿಯಂ ಇದೆ ಎಂದು ಗೊತ್ತಿದ್ದ ಮಾತ್ರಕ್ಕೆ ಹೊಸ ಕೀವನ್ನು ಅದರ ಲೆಕ್ಕಕ್ಕೆ ಬರೆದುಬಿಡುವುದು ಜೀವಕ್ಕೇ ಎರವಾಗುವ ತಪ್ಪು. ಮೊದಲು ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂಬ ಪರೀಕ್ಷೆ), ಅದೂ ಆ್ಯಂಟಿಬಯಾಟಿಕ್ ಮುಟ್ಟುವ ಮುಂಚೆ. ಎಂಡೊಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕನ್ನು ನಿರ್ಧರಿಸುವ ಡ್ಯೂಕ್ ಮಾನದಂಡಗಳನ್ನು 2023ರಲ್ಲಿ ಪರಿಷ್ಕರಿಸಿದಾಗ ಹೃದಯದ ಸಿಟಿ ಮತ್ತು ಪೆಟ್-ಸಿಟಿಗಳಿಗೂ ಪ್ರಮುಖ ಪುರಾವೆಯ ಸ್ಥಾನ ಸಿಕ್ಕಿತು. ಅದು ಒಳ್ಳೆಯದೇ. ಆದರೆ ನಮ್ಮಲ್ಲಿ ಕಲ್ಚರ್ ಕಳಿಸುವ ಮುಂಚೆಯೇ ನಾಲ್ಕು ದಿನ ಆ್ಯಂಟಿಬಯಾಟಿಕ್ ಕೊಟ್ಟಾಗಿರುತ್ತದೆ, ಆಮೇಲೆ ಸ್ಕ್ಯಾನಿನ ಮೇಲೆ ಎಲ್ಲ ಭಾರ.

ನಮ್ಮ ನೆಲಕ್ಕೆ ಹೆಚ್ಚು ಅಂಟಿದ ಗೊಂದಲ ಇನ್ನೊಂದಿದೆ. ಭಾರತದ ಹೃದ್ರೋಗ ವೈದ್ಯರ ಕಣ್ಣು ಪಳಗಿರುವುದು ರುಮ್ಯಾಟಿಕ್ ಕಾಯಿಲೆಯಲ್ಲಿ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಮೈಟ್ರಲ್ ಕವಾಟವನ್ನು ಕೆಡಿಸಿ, ಇಪ್ಪತ್ತರೊಳಗಿನವರಲ್ಲೂ ಅದು ಕಿರಿದಾಗಿರುವುದನ್ನು ಇಲ್ಲಿ ಕಾಣುತ್ತೇವೆ. ಇದಕ್ಕೆ ಬಲೂನ್ ಚಿಕಿತ್ಸೆ ಅದ್ಭುತವಾಗಿ ಒಗ್ಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಆ ಚಿಕಿತ್ಸೆಗೆ ದೇಶದಲ್ಲೇ ಹೆಸರಾದ ಕೇಂದ್ರಗಳಲ್ಲೊಂದು. ಬಲೂನ್ ಒಗ್ಗುವುದು ಯಾಕೆಂದರೆ ರುಮ್ಯಾಟಿಕ್ ಕಾಯಿಲೆಯಲ್ಲಿ ಎರಡು ದಳಗಳ ಅಂಚುಗಳು ಕೂಡುವಲ್ಲಿ ಬೆಸೆದುಕೊಂಡಿರುತ್ತವೆ, ಬಲೂನ್ ಉಬ್ಬಿಸಿದರೆ ಆ ಬೆಸುಗೆ ಬಿಡುತ್ತದೆ. ವಯಸ್ಸಾದವರ ಕ್ಯಾಲ್ಸಿಯಂ ದಾರಿ ಇದಕ್ಕೆ ಉಲ್ಟಾ. ರುಮ್ಯಾಟಿಕ್ ಕಾಯಿಲೆ ದಳದ ತುದಿಯಿಂದ ಶುರುವಾಗಿ ಬುಡದ ಕಡೆ ಹೋದರೆ, ಇದು ಉಂಗುರದಿಂದ ಶುರುವಾಗಿ ದಳದ ಕಡೆ ಬರುತ್ತದೆ. ತುದಿಗಳು ಸಾಮಾನ್ಯವಾಗಿ ಸಡಿಲವಾಗೇ ಇರುತ್ತವೆ, ಬೆಸುಗೆ ಇರುವುದಿಲ್ಲ. ಬಿಡಿಸಲು ಬೆಸುಗೆಯೇ ಇಲ್ಲದ ಕಡೆ ಬಲೂನ್ ಏನು ಮಾಡೀತು?

ರುಮ್ಯಾಟಿಕ್ ಕವಾಟದಲ್ಲೂ ಕ್ಯಾಲ್ಸಿಯಂ ಎಲ್ಲಿದೆ ಎಂಬುದು ಎಷ್ಟಿದೆ ಎಂಬುದರಷ್ಟೇ ಮುಖ್ಯ. 1988ರಿಂದ ಬಳಕೆಯಲ್ಲಿರುವ ವಿಲ್ಕಿನ್ಸ್ ಅಂಕಪದ್ಧತಿ ದಳಗಳ ಚಲನೆ, ದಪ್ಪ, ಕ್ಯಾಲ್ಸಿಯಂ, ಕೆಳಗಿನ ತಂತುಗಳ ಸ್ಥಿತಿ ನೋಡಿ 16ಕ್ಕೆ ಅಂಕ ಕೊಡುತ್ತದೆ. 8ರೊಳಗಿದ್ದರೆ ಬಲೂನಿಗೆ ಒಳ್ಳೆಯ ಕವಾಟ. ಆದರೆ ಕ್ಯಾಲ್ಸಿಯಂ ನೇರವಾಗಿ ಬೆಸುಗೆಯ ಮೂಲೆಗಳಲ್ಲೇ ಕೂತಿದ್ದರೆ, ಅಂಕ 8ರೊಳಗಿದ್ದರೂ, ಬಲೂನ್ ಉಬ್ಬಿದಾಗ ಬೆಸುಗೆ ಬಿಡುವ ಬದಲು ಪಕ್ಕದ ದಳ ಹರಿದು ಕವಾಟ ಭೀಕರವಾಗಿ ಸೋರಲು ಶುರುವಾಗಬಹುದು. ಈಗ ರುಮ್ಯಾಟಿಕ್ ಕವಾಟದ ಮೇಲೆ ವಯಸ್ಸಿನ ಕ್ಯಾಲ್ಸಿಯಮ್ಮೂ ಸೇರಿಕೊಂಡ ಮಿಶ್ರ ಪ್ರಕರಣಗಳಿವೆ. ಅಂಥಲ್ಲಿ ಸಾದಾ ಎಕೋ ನಂಬಿ ಬಲೂನ್ ಹಿಡಿಯುವುದಕ್ಕಿಂತ ಗಂಟಲಿನ ಮೂಲಕ ತ್ರೀಡಿ ಎಕೋ, ಬೇಕಾದರೆ ಸಾದಾ ಸಿಟಿ ನೋಡಿ ಮುಂದುವರಿಯುವುದು ನನ್ನ ಮಟ್ಟಿಗೆ ಅತಿ ಎಚ್ಚರವೇನಲ್ಲ.

ಅಯೋರ್ಟಿಕ್ ಕವಾಟದ ಬಗ್ಗೆ ಒಂದು ಮಾತು. ಎಕೋದಲ್ಲಿ ಕವಾಟದ ವಿಸ್ತೀರ್ಣ 1 ಚದರ ಸೆಂಟಿಮೀಟರಿಗಿಂತ ಕಡಿಮೆ, ಆದರೆ ಒತ್ತಡದ ಸರಾಸರಿ ವ್ಯತ್ಯಾಸ 40 ಎಂಎಂಗೆ ಮುಟ್ಟುತ್ತಿಲ್ಲ ಎಂಬ ಎಡವಟ್ಟು ಲೆಕ್ಕ ಬಂದಾಗ, ಅಂದರೆ ಕವಾಟ ತೀರಾ ಕಿರಿದಾಗಿದೆ ಎಂದು ಒಂದು ಅಂಕಿ, ಇಲ್ಲ ಎಂದು ಇನ್ನೊಂದು ಹೇಳಿದಾಗ, ಸಿಟಿಯ ಕ್ಯಾಲ್ಸಿಯಂ ಅಂಕ (ಅಗಾಟ್‌ಸ್ಟನ್ ಪದ್ಧತಿಯಲ್ಲಿ ಒಟ್ಟು ಕ್ಯಾಲ್ಸಿಯಂ ಎಷ್ಟೆಂಬ ಲೆಕ್ಕ) ನೋಡುತ್ತಾರೆ. ಗಂಡಸರಲ್ಲಿ 2000, ಹೆಂಗಸರಲ್ಲಿ 1200 ದಾಟಿದರೆ ಕಾಯಿಲೆ ತೀವ್ರವಾಗಿರುವ ಸಂಭವ ಹೆಚ್ಚು. ಹೆಂಗಸರ ಕವಾಟದಲ್ಲಿ ಅಷ್ಟೇ ತೀವ್ರತೆಗೆ ಕ್ಯಾಲ್ಸಿಯಂ ಕಡಿಮೆ, ನಾರು ಹೆಚ್ಚು, ಅದಕ್ಕೇ ಎರಡು ಗೆರೆ. ಆದರೆ ಇವು ವಯಸ್ಸಿನಿಂದ ಕೆಟ್ಟ ಕವಾಟಗಳಿಗೆ ಹಾಕಿದ ಗೆರೆಗಳು. ರುಮ್ಯಾಟಿಕ್ ಅಯೋರ್ಟಿಕ್ ಕವಾಟ ಮುಖ್ಯವಾಗಿ ನಾರುಗಟ್ಟಿ ಬಿಗಿಯುವಂಥದ್ದು. ನಲವತ್ತೈದರ ಹೆಂಗಸಿಗೆ ಅಂಕ 500 ಬಂತೆಂದು ‘ಅಷ್ಟೇನಿಲ್ಲ’ ಎಂದು ಮನೆಗೆ ಕಳಿಸಿದರೆ ಅನ್ಯಾಯ.

ಇನ್ನು ವರದಿಯ ಮಾತು. ಎಕೋ ಅಂದರೆ ಚಲಿಸುವ ಚಿತ್ರ. ನಮ್ಮ ಕೈಗೆ ಬರುವುದು ಒಂದು ಹಾಳೆ, ಅದಕ್ಕೆ ಅಂಟಿಸಿದ ನಾಲ್ಕು ಥರ್ಮಲ್ ಪ್ರಿಂಟು. ವರ್ಷ ಕಳೆಯುವಷ್ಟರಲ್ಲಿ ಅವೂ ಮಾಸಿರುತ್ತವೆ. ಅದರ ಫೋಟೊವನ್ನು ವಾಟ್ಸ್ಯಾಪ್‌ನಲ್ಲಿ ಬೆಂಗಳೂರಿನ ಪರಿಚಯದ ಡಾಕ್ಟರಿಗೋ ಅಮೆರಿಕದಲ್ಲಿರುವ ಅಳಿಯನಿಗೋ ಕಳಿಸಿ ‘ಏನನ್ನಿಸುತ್ತೆ?’ ಎಂದರೆ, ಉಂಡೆ ತೂಗುತ್ತಿದೆಯೋ ಕೂತಿದೆಯೋ ಎಂಬ ಎಲ್ಲಕ್ಕಿಂತ ಮುಖ್ಯ ಸಂಗತಿಯೇ ಅದರಲ್ಲಿರುವುದಿಲ್ಲ. ಎಕೋ ಕ್ಲಿಪ್‌ಗಳನ್ನು, ಸಿಟಿಯ ಪೂರ್ತಿ ಚಿತ್ರಗಳನ್ನು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯುವುದು ರೋಗಿಗೆ ಉಪಯೋಗಕ್ಕೆ ಬರುವ ಕೆಲಸ. ಹಿಂದೆಂದೋ ಬೇರೆ ಕಾರಣಕ್ಕೆ ತೆಗೆಸಿದ ಎದೆಯ ಸಿಟಿ ಬೀರುವಿನಲ್ಲಿದ್ದರೆ ಅದನ್ನೂ ಒಯ್ಯಬೇಕು. ಐದು ವರ್ಷದ ಹಿಂದೆಯೂ ಅದೇ ಜಾಗದಲ್ಲಿ ಅದೇ ಗಾತ್ರದ ಬಿಳಿ ಉಂಡೆ ಇತ್ತೆಂದರೆ, ಗೆಡ್ಡೆಯ ಅನುಮಾನ ಹೊಸ ಸ್ಕ್ಯಾನಿಲ್ಲದೆಯೇ ಬಹುಪಾಲು ಇಳಿಯುತ್ತದೆ.

ಬರೆಯುವವರ ಕಡೆಯಿಂದಲೂ ಒಂದಿಷ್ಟು ಕೊರತೆಯಿದೆ. ‘ಮಾಸ್, ಕ್ಲಿನಿಕಲ್ ಕೋರಿಲೇಶನ್ ಅಗತ್ಯ’ (ರೋಗಿಯ ಲಕ್ಷಣಗಳ ಜೊತೆ ತಾಳೆ ನೋಡಿ) ಎಂದು ಬರೆದರೆ ವರದಿ ಮಾಡಿದವರು ಸುರಕ್ಷಿತ, ಆದರೆ ಮುಂದಿನ ವೈದ್ಯರಿಗೆ ದಾರಿ ತೋರಿಸಿದಂತಾಗಲಿಲ್ಲ. ಅದೇ ಜಾಗದಲ್ಲಿ ‘ಹಿಂಬದಿ ಉಂಗುರಕ್ಕೆ ಅಂಟಿದ, ತೂಗಾಡದ, ಇಷ್ಟು ಮಿಲಿಮೀಟರಿನ ದುಂಡು ಉಂಡೆ, ನಡುವೆ ಕಪ್ಪು, ನೆರಳು ಕಡಿಮೆ, ಕವಾಟ ಸೋರುತ್ತಿಲ್ಲ, ಕೇಸಿಯಸ್ ಕ್ಯಾಲ್ಸಿಫಿಕೇಶನ್ ಇರಬಹುದು, ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಖಚಿತಪಡಿಸಿ’ ಎಂದು ಬರೆಯಲು ಎರಡು ನಿಮಿಷ ಹೆಚ್ಚು ಹಿಡಿದೀತು. ಮೊಣಕಾಲಿನ ಆಪರೇಷನ್‌ಗೆ ಬಂದ ಆ ಹೆಂಗಸಿನ ಅರಿವಳಿಕೆ ವೈದ್ಯರಿಗೆ ಆಗ ಕೇಳಲು ಉಳಿಯುವುದು ಎರಡೇ ಪ್ರಶ್ನೆ: ಜ್ವರ ಬಂದಿತ್ತೇ, ಪಾರ್ಶ್ವವಾಯು ಏನಾದರೂ ಆಗಿತ್ತೇ. ಎರಡಕ್ಕೂ ಇಲ್ಲವೆಂದಾದರೆ, ಸಾದಾ ಸಿಟಿಯೂ ಅದನ್ನೇ ಹೇಳಿದರೆ, ಆಪರೇಷನ್ ಮುಂದೂಡಲು ಆ ಉಂಡೆ ಒಂದೇ ಕಾರಣವಾಗಬೇಕಿಲ್ಲ. ಎಕೋವನ್ನು ಕಾರ್ಡಿಯಾಲಜಿಸ್ಟ್ ಹೇಳಿದ ಅಂತರದಲ್ಲಿ, ಸಾಧ್ಯವಾದರೆ ಅದೇ ಕೇಂದ್ರದಲ್ಲಿ, ಮತ್ತೆ ಮಾಡಿಸಿದರಾಯಿತು.